ಕಿಸುಮು ಬಳಿಯ ಬಿಸಿಲ ಬೇಕರಿ: ಮೂರನೇ ಹಂತದ ದಾಖಲೆ

ಕನ್ನಡಿ ನಿಂತಿದೆ. ಓವನ್ನನ್ನು ಬಿಚ್ಚಿ ಎರಡನೇ ಸಲ ಕಟ್ಟಿದ್ದಾಗಿದೆ. ಪಶ್ಚಿಮ ಕೆನ್ಯಾದ ಕಿಸುಮು ಹತ್ತಿರ, ಸೌದೆ ಒಲೆಯ ಹಳ್ಳಿ ಬೇಕರಿಯೊಂದಕ್ಕೆ ಹೊಂದಿಸುತ್ತಿರುವುದು 8 ಚದರ ಮೀಟರಿನ ಶೆಫ್ಲರ್ ಕನ್ನಡಿ, ಅಂದರೆ ಬಿಸಿಲನ್ನು ಒಂದೆಡೆ ಕೂಡಿಸುವ ಬಾಗಿದ ಕನ್ನಡಿ. ಇದನ್ನು ರೂಪಿಸಿದ ವುಲ್ಫ್‌ಗಾಂಗ್ ಶೆಫ್ಲರ್ ತಮ್ಮ ಮೊದಲ ಕನ್ನಡಿಯನ್ನು 1986ರಲ್ಲಿ ಕಟ್ಟಿದ್ದೂ ಕೆನ್ಯಾದಲ್ಲೇ, ಉತ್ತರ ಭಾಗದ ಒಂದು ಮಿಷನ್ ಕೇಂದ್ರದಲ್ಲಿ. ಈ ಕನ್ನಡಿಯ ಗುಣವೆಂದರೆ, ಗಡಿಯಾರದ ಯಂತ್ರವೊಂದು ಅದನ್ನು ಸೂರ್ಯನ ಜೊತೆ ತಿರುಗಿಸುವುದರಿಂದ ಸೂರ್ಯ ಎಲ್ಲೇ ಇರಲಿ, ಬೆಳಕು ಗೋಡೆಯ ಒಂದೇ ಕಿಂಡಿಗೆ ಬೀಳುತ್ತದೆ. ಬೇಯಿಸುವವರು ನೆರಳಲ್ಲಿ ನಿಂತು ಕೆಲಸ ಮಾಡಬಹುದು.

ಕನ್ನಡಿ ತಿರುಗುವ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಬೆಂಗಳೂರಿನಲ್ಲಾದರೆ ಅದನ್ನು 13 ಡಿಗ್ರಿ ಎತ್ತಬೇಕು. ಕಿಸುಮು ಭೂಮಧ್ಯರೇಖೆಯ ಪಕ್ಕದಲ್ಲೇ ಇರುವುದರಿಂದ ಅಕ್ಷ ನೆಲಕ್ಕೆ ಸಮವಾಗಿ, ಉತ್ತರ-ದಕ್ಷಿಣಕ್ಕೆ ಮಲಗಿರುತ್ತದೆ. ಉತ್ತರ-ದಕ್ಷಿಣ ಗುರುತಿಸಲು ದಿಕ್ಸೂಚಿಗಿಂತ ನಡುಹಗಲಿನ ನೆರಳನ್ನು ನಂಬುವುದು ಒಳ್ಳೆಯದು, ಆದರೆ ಗಡಿಯಾರ ನೋಡಿ 12 ಗಂಟೆಗೆ ಗುರುತು ಹಾಕಿದರೆ ತಪ್ಪುತ್ತದೆ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12:40ಕ್ಕೆ, ತಿಂಗಳಿಗೆ ತಕ್ಕಂತೆ ಕಾಲು ಗಂಟೆ ಹಿಂದೆ ಮುಂದೆ.

ಕನ್ನಡಿಯನ್ನು ಕಟ್ಟಡದ ಉತ್ತರಕ್ಕೆ, ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸಿದ್ದೇವೆ. ಹೀಗಿಟ್ಟರೆ ಬಿಸಿಲು ಹಿಡಿಯುವ ವಿಸ್ತಾರ ಡಿಸೆಂಬರಿನಲ್ಲಿ 6.8 ಚದರ ಮೀಟರ್, ಮಾರ್ಚಿನಲ್ಲಿ 5.8, ಜೂನ್‌ನಲ್ಲಿ 4.6. ಎದುರು ದಿಕ್ಕಿಗಿಟ್ಟರೆ ಲೆಕ್ಕ ತಿರುವುಮುರುವು. ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ಹವೆಯಲ್ಲೇ ಹೆಚ್ಚು ಹಿಡಿಯಲಿ ಎಂಬುದು ಆಯ್ಕೆ. ಮೋಡದ ದಿನ ಕನ್ನಡಿ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ, ಇದಕ್ಕೆ ನೇರ ಬಿಸಿಲೇ ಬೇಕು.

ಗಾಜಿನ ತುಂಡುಗಳನ್ನು ಅಂಟಿಸುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಬಳಸಬಾರದು. ಅದರ ಆಮ್ಲ ಹಿಂಬದಿಯ ಬೆಳ್ಳಿ ಲೇಪವನ್ನು ತಿಂದು ಕಪ್ಪು ಕಲೆ ಮೂಡಿಸುತ್ತದೆ. ನ್ಯೂಟ್ರಲ್ ಸಿಲಿಕೋನ್ ಕೇಳಿ ತರಬೇಕು. ತುಂಡುಗಳ ನಡುವೆ 2 ಮಿ.ಮೀ. ಸಂದು ಬಿಡಬೇಕು, ಇಲ್ಲವಾದರೆ ಕಬ್ಬಿಣದ ಚೌಕಟ್ಟು ಹಿಗ್ಗಿದಾಗ ಗಾಜು ಸೀಳುತ್ತದೆ. ಕತ್ತರಿಸಿದ ಅಂಚಿಗೆ ಬಣ್ಣ ಬಳಿಯಲೇಬೇಕು.

ಈಗ ಓವನ್. 400 ಗ್ರಾಂ ಬ್ರೆಡ್ಡಿಗೆ 450 ಗ್ರಾಂ ಹಿಟ್ಟಿನ ಮುದ್ದೆ ಬೇಕು. ಅದು 28ರಿಂದ 97 ಡಿಗ್ರಿಗೆ ಏರಲು, ಜೊತೆಗೆ 50 ಗ್ರಾಂ ನೀರು ಆವಿಯಾಗಲು ಸುಮಾರು 200 ಕಿಲೋಜೌಲ್. 18 ಬ್ರೆಡ್ಡಿನ ಒಂದು ಲೋಡಿಗೆ 1 ಯೂನಿಟ್ (ಕಿಲೋವ್ಯಾಟ್-ಗಂಟೆ). ಮಾರ್ಚಿನ ಒಳ್ಳೆಯ ಬಿಸಿಲಲ್ಲಿ ಕನ್ನಡಿಗೆ ಬಿದ್ದದ್ದರ ಅರ್ಧದಷ್ಟು ಒಳಗೆ ಉಳಿದರೆ 2.4 ಕಿಲೋವ್ಯಾಟ್ ಸಿಗುತ್ತದೆ. 40 ನಿಮಿಷಕ್ಕೆ ಒಂದು ಲೋಡ್ ಬೇಯಲು ಅಷ್ಟು ಸಾಕು.

ಮೊದಲ ಓವನ್ ಸೋತದ್ದು ಶಾಖದ ಕೊರತೆಯಿಂದಲ್ಲ, ಕಲ್ಲಿನ ಭಾರದಿಂದ. ಶಾಖ ಹಿಡಿದಿಡಲು ಕಿಸಿ ಪ್ರದೇಶದ 60 ಕಿಲೋ ಬಳಪದ ಕಲ್ಲು ಹಾಕಿದ್ದೆವು (ಬೇಲೂರು-ಹಳೇಬೀಡಿನ ಶಿಲ್ಪಿಗಳು ಕೆತ್ತಿದ ಜಾತಿಯದೇ ಮೆತ್ತನೆಯ ಕಲ್ಲು, ಬೆಂಕಿಗೆ ಒಡೆಯದು). ಅಷ್ಟನ್ನು 30ರಿಂದ 230 ಡಿಗ್ರಿಗೆ ತರಲು 3.3 ಯೂನಿಟ್ ಬೇಕು. ಬೆಳಗಿನ ಎಳೆ ಬಿಸಿಲಲ್ಲಿ ಅದಕ್ಕೆ ಎರಡು ಗಂಟೆ ಮೀರುತ್ತದೆ, ಅಷ್ಟರಲ್ಲಿ ಅಚ್ಚಿನಲ್ಲಿ ಉಬ್ಬಿದ ಹಿಟ್ಟು ಕುಸಿದಿರುತ್ತದೆ. ಈಗ ಕಲ್ಲು 30 ಕಿಲೋ. ಕಾಯಲು 1.6 ಯೂನಿಟ್ ಸಾಕು. ಬದಲಿಗೆ ಮೋಡ ಕವಿದರೆ ತಡೆಯುವುದು ಹತ್ತು ನಿಮಿಷ ಮಾತ್ರ. ಆ ಹತ್ತು ನಿಮಿಷ ಬಾಗಿಲು ಮುಟ್ಟಬಾರದು. ಹೊಳೆಯ ಕಲ್ಲು ಬೇಡ, ಒಳಗೆ ನೀರಿದ್ದರೆ ಸಿಡಿಯುತ್ತದೆ.

ಎರಡನೇ ಬದಲಾವಣೆ ತಗಡಿನದು. ಬೆಳಕು ಬೀಳುವುದು ಹಿಂಬದಿಯ 5 ಮಿ.ಮೀ. ಉಕ್ಕಿನ ತಟ್ಟೆಗೆ. ಅದರ ಎದುರಿನ ಬ್ರೆಡ್ಡಿನ ಪಕ್ಕ ಸೀದು, ಬಾಗಿಲ ಕಡೆಯದು ಬಿಳಿಚಿಕೊಂಡಿರುತ್ತಿತ್ತು. ತಟ್ಟೆಯಿಂದ 5 ಸೆಂ.ಮೀ. ಮುಂದೆ ಒಂದು ಅಡ್ಡ ತಗಡು ನಿಲ್ಲಿಸಿ, ಮೇಲೂ ಕೆಳಗೂ 6 ಸೆಂ.ಮೀ. ಬಿಟ್ಟಾಗ ಬಿಸಿಗಾಳಿ ಮೇಲೇರಿ ಮುಂದಿನಿಂದ ಇಳಿದು ತಾನೇ ಸುತ್ತುತ್ತದೆ. ಒಳಗೆ ಎಲ್ಲೂ ಜಿಂಕ್ ತಗಡು ಬೇಡ, ಬಿಸಿಗೆ ಸತುವಿನ ಲೇಪ ಕೆಡುತ್ತದೆ. ಕಪ್ಪು ಒಲೆಬಣ್ಣ ತಟ್ಟೆಯ ಹೊರಮೈಗೆ ಮಾತ್ರ. ಶಾಖ ಸೋರದಂತೆ ಓವನ್ನಿನ ಒಳ-ಹೊರ ಗೋಡೆಗಳ ನಡುವೆ 10 ಸೆಂ.ಮೀ. ಭತ್ತದ ಹೊಟ್ಟಿನ ಬೂದಿ. ಹತ್ತಿರದ ಅಹೇರೋ ಊರಿನ ಭತ್ತದ ಗದ್ದೆಗಳಿಂದ ಹೊಟ್ಟು ಧಾರಾಳವಾಗಿ ಸಿಗುತ್ತದೆ. ಸುಡದ ಹೊಟ್ಟು ತುಂಬಿದರೆ ಒಳಗೇ ಹೊಗೆಯಾಡೀತು. ಬೂದಿ ತುಂಬುವಾಗ ಮೂಗಿಗೆ ಮಾಸ್ಕ್.

ಹಿಟ್ಟಿನ ಅಳತೆ: ಮೈದಾ 10 ಕಿಲೋ, ನೀರು 5.8, ಸಕ್ಕರೆ 600 ಗ್ರಾಂ, ಕೊಬ್ಬು 300, ಉಪ್ಪು 150, ಇನ್‌ಸ್ಟಂಟ್ ಯೀಸ್ಟ್ 100. ಇದರಿಂದ 36 ಬ್ರೆಡ್, ಎರಡು ಲೋಡ್. ಎರಡನ್ನೂ ಒಟ್ಟಿಗೆ ನಾದಬಾರದು. ಎರಡನೆಯದನ್ನು ಮುಕ್ಕಾಲು ಗಂಟೆ ತಡವಾಗಿ ನಾದಿದರೆ ಸರದಿಗೆ ಸರಿಯಾಗಿ ಉಬ್ಬಿ ನಿಲ್ಲುತ್ತದೆ.

ಬಾಕಿ ಕೆಲಸ: ಕಿಂಡಿಯ ಮರದ ಚೌಕಟ್ಟು ತೆಗೆದು ಇಟ್ಟಿಗೆ ಕಟ್ಟುವುದು. ಕನ್ನಡಿ ತಿರುಗಿಸುವ ಗಡಿಯಾರ ನಿಂತರೆ ಗಂಟೆಗೆ 15 ಡಿಗ್ರಿಯಂತೆ ಬೆಳಕು ಪಕ್ಕಕ್ಕೆ ಸರಿದು ಮರಕ್ಕೆ ಹತ್ತುತ್ತದೆ. ಕೆಲಸವಿಲ್ಲದಾಗ ಕನ್ನಡಿಗೆ ಟಾರ್ಪಾಲು ಹೊದಿಸಲು ಕೊಕ್ಕೆಗಳು ಬೇಕು. ಫೋಕಸ್ ಸರಿಮಾಡುವವರಿಗೆ ವೆಲ್ಡಿಂಗ್ ಕನ್ನಡಕ ಕಡ್ಡಾಯ. ಹಳೆಯ ಸೌದೆ ಒಲೆಯನ್ನು ಕೆಡವುತ್ತಿಲ್ಲ. ಮಾರ್ಚಿನಿಂದ ಮೇವರೆಗಿನ ದೊಡ್ಡ ಮಳೆಗೆ ಅದು ಬೇಕು.