ಒಬ್ಬರು ಕಡಿಮೆಯಾದ ಮೂಲೆ

2020ರ ಫೆಬ್ರುವರಿ 3, ಸೋಮವಾರ. ಸಂಜೆ ಆರೂವರೆಯ ಹೊತ್ತಿಗೆ ನಾನು, ನನ್ನ ಪತಿ ಮತ್ತು ಹದಿನೇಳು ವರ್ಷದ ನಮ್ಮ ಮಗಳು ಅಯೋವಾ ರಾಜ್ಯದ ರಾಜಧಾನಿ ಡಿ ಮಾಯ್ನ್‌ನ ಹೊರವಲಯದ ಶಾಲೆಯೊಂದರ ಮುಂದೆ ಸಾಲಿನಲ್ಲಿ ನಿಂತಿದ್ದೆವು. ಅಂದು ಡೆಮಾಕ್ರಟಿಕ್ ಪಕ್ಷದ ಕಾಕಸ್, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಜನ ಅಲ್ಲಲ್ಲಿ ಸೇರುವ ಸಭೆ. ನವೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಅವರ ಎದುರು ನಿಲ್ಲಬೇಕಾದ ಅಭ್ಯರ್ಥಿ ಯಾರೆಂಬುದರ ಬಗ್ಗೆ ಇಡೀ ದೇಶದಲ್ಲಿ ಮೊದಲ ಮಾತು ಹೇಳುವ ಅವಕಾಶ ಆ ವರ್ಷ ನಮ್ಮ ರಾಜ್ಯದ ಜನರದ್ದಾಗಿತ್ತು. ನಾನು ಅಮೆರಿಕದ ಪೌರತ್ವ ಪಡೆದ ಮೇಲೆ ಪಾಲ್ಗೊಂಡ ಮೊದಲ ಕಾಕಸ್ ಅದು. ಚುನಾವಣೆಯ ದಿನಕ್ಕೆ ಹದಿನೆಂಟು ತುಂಬುವವರಿಗೂ ಇಲ್ಲಿ ಅವಕಾಶ ಇದ್ದುದರಿಂದ ಮಗಳಿಗೂ ಅದೇ ಮೊದಲು.

ಅದಕ್ಕೂ ಮೊದಲಿನ ಆರು ತಿಂಗಳು ನಮ್ಮ ಮನೆಯ ಊಟದ ಮೇಜಿನ ಮೇಲೆ ಬೇರೆ ಮಾತೇ ಇರಲಿಲ್ಲವೆಂದರೂ ನಡೆದೀತು. ಯಾರು ಒಳ್ಳೆಯವರು ಎಂಬ ವಿಷಯದಲ್ಲಿ ಅಷ್ಟೇನೂ ಜಗಳವಿರಲಿಲ್ಲ. ಜಗಳವೆಲ್ಲ ಯಾರು ಗೆಲ್ಲಬಲ್ಲರು ಎಂಬುದರ ಬಗ್ಗೆ. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ದೇಶದಾದ್ಯಂತ ಇಪ್ಪತ್ತೆಂಟು ಲಕ್ಷಕ್ಕೂ ಹೆಚ್ಚು ಮತಗಳು ಅಧಿಕವಾಗಿ ಬಿದ್ದಿದ್ದರೂ, ಗೆಲುವನ್ನು ತೀರ್ಮಾನಿಸುವುದು ರಾಜ್ಯವಾರು ಸಿಗುವ ಎಲೆಕ್ಟೋರಲ್ ಮತಗಳಾದ್ದರಿಂದ, ಪೆನ್ಸಿಲ್ವೇನಿಯಾ, ಮಿಷಿಗನ್ ಮತ್ತು ವಿಸ್ಕಾನ್ಸಿನ್ ಎಂಬ ಮೂರು ರಾಜ್ಯಗಳನ್ನು ಒಟ್ಟು ಎಂಬತ್ತು ಸಾವಿರಕ್ಕಿಂತ ಕಡಿಮೆ ಮತಗಳಿಂದ ಕಳೆದುಕೊಂಡು ಅವರು ಸೋತಿದ್ದರು. ಆ ಸೋಲು ನಮ್ಮಂಥವರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಇಳಿದಿತ್ತೆಂದರೆ, ಅಭ್ಯರ್ಥಿಯೊಬ್ಬರ ಮಾತು ಕೇಳಿದ ಕೂಡಲೇ ನಾವು ನಮ್ಮ ಅಭಿಪ್ರಾಯವನ್ನು ಕೇಳಿಕೊಳ್ಳುತ್ತಿರಲಿಲ್ಲ. ನಾವೆಂದೂ ನೋಡಿರದ ಪೆನ್ಸಿಲ್ವೇನಿಯಾದ ಯಾವನೋ ಕಾರ್ಖಾನೆ ನೌಕರನಿಗೆ ಈ ಮಾತು ಹಿಡಿಸೀತೇ ಎಂದು ಕೇಳಿಕೊಳ್ಳುತ್ತಿದ್ದೆವು.

ಪತಿಯದು ಸ್ಪಷ್ಟವಾದ ನಿಲುವು. ಜೋ ಬೈಡನ್ ಹುಟ್ಟಿದ್ದೇ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ, ಎಂಟು ವರ್ಷ ಉಪಾಧ್ಯಕ್ಷರಾಗಿದ್ದವರು, ಅವರನ್ನು ಕಂಡು ಯಾರೂ ಹೆದರುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಮಗಳು ಬರ್ನಿ ಸ್ಯಾಂಡರ್ಸ್ ಪರ. “ಹಿಲರಿಯವರೇ ಗೆಲ್ಲೋದು ಅಂತ ನೀವೆಲ್ಲ ಹೇಳಿರಲಿಲ್ವಾ? ಮಿಷಿಗನ್, ವಿಸ್ಕಾನ್ಸಿನ್ ಎರಡೂ ಕಡೆ ಆಗ ಪಕ್ಷದೊಳಗಿನ ಪ್ರೈಮರಿ ಚುನಾವಣೆ ಗೆದ್ದಿದ್ದು ಬರ್ನಿ” ಎಂದು ಅವಳು ಅಪ್ಪನ ಬಾಯಿ ಕಟ್ಟುತ್ತಿದ್ದಳು. ಅವಳ ವಾದದಲ್ಲಿ ಹುರುಳಿತ್ತು. 2004ರಲ್ಲಿ ಇದೇ ಅಯೋವಾದ ಜನ ಯುದ್ಧದಲ್ಲಿ ಸೇವೆ ಸಲ್ಲಿಸಿದವರು, ಗೆಲ್ಲಬಲ್ಲವರು ಎಂದು ಜಾನ್ ಕೆರಿಯವರನ್ನು ಆರಿಸಿ ಕಳಿಸಿದ್ದರು. ಅವರು ಬುಷ್ ಎದುರು ಸೋತರು. 1980ರಲ್ಲಿ ರೇಗನ್ ಅವರದು ಅತಿಯಾದ ನಿಲುವು, ಗೆಲ್ಲಲಾರರು ಎಂದವರಿದ್ದರು. ಅವರು 44 ರಾಜ್ಯ ಗೆದ್ದರು. ಆದರೆ ಅದೇ ಚರಿತ್ರೆಯಲ್ಲಿ 1972ರ ಮೆಕ್‌ಗವರ್ನ್ ಕೂಡ ಇದ್ದಾರೆ, ಐವತ್ತರಲ್ಲಿ ಒಂದೇ ರಾಜ್ಯ ಗೆದ್ದವರು. ಯಾವ ವಾದಕ್ಕೆ ಬೇಕಾದರೂ ಒಂದು ವರ್ಷವನ್ನು ಹುಡುಕಿ ತೆಗೆಯಬಹುದಿತ್ತು.

ನನ್ನ ಮನಸ್ಸು ಎಲಿಜಬೆತ್ ವಾರನ್ ಅವರ ಕಡೆಗಿತ್ತು. ಮಗಳು ಕೂಸಾಗಿದ್ದಾಗ ನನ್ನ ಸಂಬಳದ ಅರ್ಧದಷ್ಟು ಡೇಕೇರ್‌ಗೆ ಹೋಗುತ್ತಿತ್ತು. ಆ ಎರಡು ವರ್ಷ ಕೆಲಸ ಬಿಡಲೋ ಬೇಡವೋ ಎಂದು ಪ್ರತಿ ತಿಂಗಳ ಕೊನೆಗೂ ಲೆಕ್ಕ ಹಾಕುತ್ತಿದ್ದೆ. ಮಕ್ಕಳ ಆರೈಕೆಯನ್ನು ಸರ್ಕಾರ ತನ್ನ ಜವಾಬ್ದಾರಿಯೆಂದು ಹೊರಬೇಕು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂದು ಒಬ್ಬರು ವೇದಿಕೆಯ ಮೇಲೆ ನಿಂತು ವಿವರಿಸಿದ್ದನ್ನು ನಾನು ಅದೇ ಮೊದಲ ಬಾರಿಗೆ ಕೇಳಿದ್ದೆ. ಅವರ ಜೊತೆ ಒಂದು ಫೋಟೋ ತೆಗೆಸಿಕೊಳ್ಳಲು ಸಾಲಿನಲ್ಲಿ ಒಂದು ಗಂಟೆ ನಿಂತಿದ್ದೆ ಕೂಡ. ಆದರೂ ಜನವರಿ ಮುಗಿಯುವ ಹೊತ್ತಿಗೆ ನನ್ನನ್ನು ಭಯ ಆವರಿಸಿತ್ತು. ಒಬ್ಬ ಹೆಣ್ಣನ್ನು ನಿಲ್ಲಿಸಿ ಒಮ್ಮೆ ಸೋತಾಗಿದೆ, ಮತ್ತೆ ಅದೇ ಆದರೆ?

ಈ ಬಗೆಯ ಯೋಚನೆ ನನಗೆ ಹೊಸದಲ್ಲ. ಚನ್ನರಾಯಪಟ್ಟಣದಲ್ಲಿ ನನ್ನ ತಂದೆ ತಾಲ್ಲೂಕು ಮಟ್ಟದ ಪಕ್ಷದ ಕಾರ್ಯಕರ್ತರಾಗಿದ್ದರು. ಟಿಕೆಟ್ ಹಂಚುವ ದಿನಗಳಲ್ಲಿ ನಮ್ಮ ಜಗಲಿಯ ಮೇಲೆ ಸೇರುತ್ತಿದ್ದವರ ಬಾಯಲ್ಲಿ ಇರುತ್ತಿದ್ದುದು ‘ಗೆಲ್ಲುವ ಕುದುರೆ’ ಎಂಬ ಒಂದೇ ಮಾತು. ಯಾವ ಜಾತಿಯವರ ಮತ ಎಷ್ಟು, ಯಾರ ಕೈಯಲ್ಲಿ ದುಡ್ಡಿದೆ, ಯಾರಿಗೆ ಬಿ ಫಾರಂ ಸಿಕ್ಕರೆ ಯಾರು ಬಂಡಾಯ ಏಳುತ್ತಾರೆ ಎಂದು ನಡುರಾತ್ರಿಯವರೆಗೆ ಲೆಕ್ಕ ನಡೆಯುತ್ತಿತ್ತು. “ಒಳ್ಳೆಯವರು ಅನ್ನೋದು ಬೇರೆ, ಗೆಲ್ಲೋರು ಅನ್ನೋದು ಬೇರೆ ಕಣಮ್ಮ” ಎಂದು ಅಪ್ಪ ನನಗೆ ಹೇಳಿದ್ದರು. ಅಲ್ಲಿ ಕೊನೆಗೆ ತೀರ್ಮಾನಿಸುತ್ತಿದ್ದವರು ಬೆಂಗಳೂರು, ದೆಹಲಿಗಳಲ್ಲಿದ್ದ ನಾಯಕರು. ಇಲ್ಲಿ ಆ ತೀರ್ಮಾನ ನನ್ನ ಕೈಯಲ್ಲಿತ್ತು, ಆದರೆ ಅದನ್ನು ನಾನು ಮಾಡಲು ಹೊರಟಿದ್ದು ಅಪ್ಪನ ಜಗಲಿಯ ಲೆಕ್ಕದಲ್ಲೇ.

ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಏಳು ಗಂಟೆಗೆ ಬಾಗಿಲು ಮುಚ್ಚಿದಾಗ ನಾವು 140 ಜನ ಇದ್ದೆವು. ಕಾಕಸ್‌ನಲ್ಲಿ ಆಗ ಗುಟ್ಟಾದ ಮತದಾನವಿರಲಿಲ್ಲ. ಯಾರ ಪರವೋ ಅವರ ಹೆಸರಿನ ಫಲಕವಿರುವ ಮೂಲೆಗೆ ಎಲ್ಲರ ಕಣ್ಣೆದುರು ನಡೆದುಹೋಗಿ ನಿಲ್ಲಬೇಕಿತ್ತು, ತಲೆ ಎಣಿಸುತ್ತಿದ್ದರು. ಒಟ್ಟು ಜನರಲ್ಲಿ ಶೇಕಡ 15ರಷ್ಟು, ಅಂದರೆ ನಮ್ಮಲ್ಲಿ 21 ಜನ, ಸೇರದ ಗುಂಪು ಉಳಿಯುತ್ತಿರಲಿಲ್ಲ; ಆ ಗುಂಪಿನವರು ಎರಡನೆಯ ಸುತ್ತಿನಲ್ಲಿ ಬೇರೆಡೆಗೆ ಹೋಗಬಹುದಿತ್ತು, ಬೇರೆ ಸಣ್ಣ ಗುಂಪಿನವರನ್ನು ತಮ್ಮೆಡೆಗೆ ಕರೆದುಕೊಳ್ಳಬಹುದಿತ್ತು, ಇಲ್ಲವೇ ಮನೆಗೆ ಹೋಗಬಹುದಿತ್ತು. ಆದರೆ ಆ ವರ್ಷ ತಂದ ನಿಯಮದ ಪ್ರಕಾರ, ಮೊದಲ ಸುತ್ತಿನಲ್ಲೇ 21 ದಾಟಿದ ಗುಂಪಿನಲ್ಲಿ ನಿಂತವರು ಕದಲುವಂತಿರಲಿಲ್ಲ. ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಟ್ಟಿದ್ದರು. ಒಂದು ಮಗ್ಗುಲಲ್ಲಿ ಮೊದಲ ಆಯ್ಕೆ ಬರೆದು ಸಹಿ ಹಾಕಬೇಕು. ಇನ್ನೊಂದು ಮಗ್ಗುಲು ಎರಡನೆಯ ಸುತ್ತಿಗೆ.

ಮಗಳು ಹಿಂತಿರುಗಿ ನೋಡದೆ ಸ್ಯಾಂಡರ್ಸ್ ಮೂಲೆಗೆ ನಡೆದಳು. ಪತಿ ಬೈಡನ್ ಮೂಲೆಗೆ. ನಾನು ಅಂಗಳದ ನಡುವಿನ ಬಿಳಿ ಗೆರೆಯ ಮೇಲೆ ನಿಂತಿದ್ದಾಗ ನಮ್ಮ ಎದುರು ಮನೆಯಾಕೆ ಬಂದರು. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ. ನಾವು ಈ ಬೀದಿಗೆ ಬಂದ ಮೊದಲ ಚಳಿಗಾಲ ನಮ್ಮ ಮನೆ ಮುಂದಿನ ಹಿಮವನ್ನು ಹೇಳದೆ ಕೇಳದೆ ಬಳಿದುಕೊಟ್ಟವರು. ಕಣ್ಣಲ್ಲೇ ವಾರನ್ ಮೂಲೆಯನ್ನು ತೋರಿಸಿ, ಅವರು ತುಂಬಾ ಬುದ್ಧಿವಂತೆ, ಆದರೆ ಜನ ಅವರನ್ನು ಗೆಲ್ಲಿಸುವುದಿಲ್ಲ ಎಂದರು. ನನಗೂ ಹಾಗೇ ಅನ್ನಿಸುತ್ತದೆ ಎಂದೆ. ಇಬ್ಬರೂ ಜೊತೆಯಾಗಿ ಬೈಡನ್ ಫಲಕದ ಕೆಳಗೆ ಹೋಗಿ ನಿಂತೆವು.

ಮೊದಲ ಎಣಿಕೆಯಲ್ಲಿ ಪೀಟ್ ಬುಟಿಜೆಜ್ 38, ಸ್ಯಾಂಡರ್ಸ್ 34, ಬೈಡನ್ 22. ವಾರನ್ 19, ಏಮಿ ಕ್ಲೋಬುಷರ್ 18. ಆಂಡ್ರ್ಯೂ ಯಾಂಗ್ ಅವರಿಗೆ ಆರು, ಟಾಮ್ ಸ್ಟೈಯರ್ ಅವರಿಗೆ ಮೂರು.

ಆಮೇಲಿನ ಸಮಯದಲ್ಲಿ ನಡೆದದ್ದನ್ನು ನಾನು ಮರೆತಿಲ್ಲ. ಕ್ಲೋಬುಷರ್ ಪರ ಒಬ್ಬ ಗಂಡಸು ಸ್ಟೈಯರ್ ಗುಂಪಿನ ಮೂವರ ಮುಂದೆ ನಿಂತು, ನಮ್ಮ ಪಕ್ಕದ ಮಿನೆಸೋಟಾದಲ್ಲಿ ಟ್ರಂಪ್ ಗೆದ್ದಿದ್ದ ಕೌಂಟಿಗಳಲ್ಲೂ ಗೆದ್ದು ಬಂದವರು ಇವರು ಎಂದು ವಿವರಿಸಿದ. ಮೂವರೂ ಹೋದರು, ಸರಿಯಾಗಿ 21 ಆಯಿತು. ವಾರನ್ ಮೂಲೆಯಿಂದ ಒಬ್ಬ ಯುವತಿ, ಸೊಂಟದ ಮೇಲೆ ಮಗುವನ್ನು ಎತ್ತಿಕೊಂಡೇ, ಯಾಂಗ್ ಗುಂಪಿನ ಹುಡುಗರ ಹತ್ತಿರ ಬಂದಳು. ಅವಳು ಗೆಲುವಿನ ಮಾತನ್ನೇ ಎತ್ತಲಿಲ್ಲ. ತನಗೆ ಈ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ಹೇಳಿದಳು. ಒಬ್ಬ ಹುಡುಗ ಅವಳ ಹಿಂದೆ ಹೋದ. ಇನ್ನೊಬ್ಬ ಬಹಳ ಹೊತ್ತು ಯೋಚಿಸಿ, ಆಕೆ ಟ್ರಂಪ್ ಎದುರು ನಿಲ್ಲಲಾರರು ಎಂದು ತಲೆಯಾಡಿಸಿ, ಸ್ಯಾಂಡರ್ಸ್ ಕಡೆ ನಡೆದ. ವಾರನ್ ಗುಂಪು ಇಪ್ಪತ್ತಕ್ಕೆ ನಿಂತಿತು.

ಒಬ್ಬರು ಬೇಕಾಗಿತ್ತು. ನಾನು ಮೊದಲೇ ಅಲ್ಲಿ ನಿಂತಿದ್ದರೆ ಬೈಡನ್ ಅವರಿಗೆ 21 ಉಳಿದು ಅವರಿಗೇನೂ ನಷ್ಟವಾಗುತ್ತಿರಲಿಲ್ಲ, ಆ ಮೂಲೆಯೂ ಉಳಿಯುತ್ತಿತ್ತು. ಈಗ ನಾನು ಕದಲುವಂತಿರಲಿಲ್ಲ. ಚೀಟಿಯನ್ನು ತಿರುಗಿಸಿ ನೋಡಿದೆ; ಎರಡನೆಯ ಸುತ್ತಿನ ಮಗ್ಗುಲು ಖಾಲಿಯಾಗಿತ್ತು, ಅದನ್ನು ತುಂಬುವ ಹಕ್ಕು ನನಗಿರಲಿಲ್ಲ. ಆ ಯುವತಿ ತನ್ನ ಗುಂಪಿನವರಿಗೆಲ್ಲ ಧನ್ಯವಾದ ಹೇಳಿ, ಮಗುವಿನ ಕೋಟಿನ ಗುಂಡಿ ಹಾಕಿ, ಹೆಚ್ಚಿನವರ ಜೊತೆ ಕ್ಲೋಬುಷರ್ ಮೂಲೆಗೆ ಹೋದಳು.

ಅಂದು ಕಾಕಸ್‌ಗೆ ಬಂದವರನ್ನು ಬಾಗಿಲಲ್ಲೇ ಕೇಳಿ ನಡೆಸಿದ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ, ತಮ್ಮ ನಿಲುವಿಗೆ ಹೊಂದುವವರಿಗಿಂತ ಟ್ರಂಪ್ ಅವರನ್ನು ಸೋಲಿಸಬಲ್ಲವರೇ ತಮಗೆ ಮುಖ್ಯ ಎಂದಿದ್ದರು. ಅಷ್ಟು ಜನ ಗೆಲುವನ್ನೇ ಮುಂದಿಟ್ಟುಕೊಂಡು ಬಂದರೂ, ಗೆಲ್ಲಬಲ್ಲವರೆಂಬ ಹೆಸರನ್ನೇ ಬಂಡವಾಳ ಮಾಡಿಕೊಂಡಿದ್ದ ಬೈಡನ್ ಅಯೋವಾದಲ್ಲಿ ನಾಲ್ಕನೆಯವರಾದರು. ಫಲಿತಾಂಶ ಕಳಿಸುವ ವ್ಯವಸ್ಥೆ ಕೆಟ್ಟು, ಬುಟಿಜೆಜ್ ಮತ್ತು ಸ್ಯಾಂಡರ್ಸ್ ನಡುವೆ ಯಾರು ಮುಂದೆ ಎಂಬುದು ತಿಳಿಯುವುದಕ್ಕೇ ದಿನಗಳು ಹಿಡಿದವು. ಆಮೇಲೆ ಫೆಬ್ರುವರಿ 29ರಂದು ದಕ್ಷಿಣ ಕ್ಯಾರೊಲೈನಾದ ಕಪ್ಪು ಮತದಾರರು ಬೈಡನ್ ಅವರನ್ನು ಎತ್ತಿ ಹಿಡಿದರು, ಮೂರು ದಿನಗಳ ನಂತರ ಒಂದೇ ದಿನ ಮತ ಹಾಕಿದ ಹದಿನಾಲ್ಕು ರಾಜ್ಯಗಳ ಪೈಕಿ ಹತ್ತರಲ್ಲಿ ಅವರು ಗೆದ್ದರು, ನವೆಂಬರಿನಲ್ಲಿ 306 ಎಲೆಕ್ಟೋರಲ್ ಮತಗಳೊಂದಿಗೆ ಅಧ್ಯಕ್ಷರೂ ಆದರು. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರೂ ಮರಳಿ ಬಂದವು. ಅಯೋವಾ ಮಾತ್ರ ಟ್ರಂಪ್ ಜೊತೆಗೇ ಉಳಿಯಿತು.

“ನೋಡು, ನಾನು ಹೇಳಿದ್ದೇ ಆಯ್ತಲ್ಲ” ಎಂದು ಪತಿ ಇಂದಿಗೂ ಹೇಳುತ್ತಾರೆ. ಗೆದ್ದದ್ದು ನಿಜ, ನನಗೂ ಅಂದು ಉಸಿರು ಬಂದಂತಾಯಿತು. ಆದರೆ ಆ ವರ್ಷ ಬಂದ ಕೊರೊನಾ ಆ ಫೆಬ್ರುವರಿಯಲ್ಲಿ ನಮ್ಮ ಯಾರ ಲೆಕ್ಕದಲ್ಲೂ ಇರಲಿಲ್ಲ. ಬೇರೆಯವರು ನಿಂತಿದ್ದರೆ ಏನಾಗುತ್ತಿತ್ತೆಂದು ಪರೀಕ್ಷಿಸುವ ಮಾರ್ಗವೂ ಇಲ್ಲ. ಗೆಲ್ಲುವ ಶಕ್ತಿ ಎಂಬುದು ಅಭ್ಯರ್ಥಿಯ ಮೈಯಲ್ಲಿ ಎತ್ತರ, ಬಣ್ಣಗಳ ಹಾಗೆ ಮೊದಲೇ ಇರುವ ಗುಣವಲ್ಲವೆಂದು ನಾನು ಈಗ ನಂಬುತ್ತೇನೆ. ಇದಕ್ಕೆ ಅಯೋವಾವೇ ಸಾಕ್ಷಿ. 2008ರ ಜನವರಿ 3ರವರೆಗೆ ಬರಾಕ್ ಒಬಾಮ ಅವರನ್ನು ಬಿಳಿಯರು ಆರಿಸುವುದಿಲ್ಲ ಎಂದು ಎಷ್ಟೋ ಕಪ್ಪು ಮತದಾರರೂ ಹಿಂಜರಿಯುತ್ತಿದ್ದರು. ಹತ್ತರಲ್ಲಿ ಒಂಬತ್ತು ಜನ ಬಿಳಿಯರೇ ಇರುವ ಈ ರಾಜ್ಯದ ಜನ ಇಂಥವೇ ಶಾಲೆಗಳಲ್ಲಿ, ಚರ್ಚುಗಳಲ್ಲಿ ಅವರ ಮೂಲೆಗೆ ನಡೆದುಹೋಗಿ ನಿಂತ ಮೇಲೆ ಆ ಮಾತು ಅಡಗಿತು. ಜನ ನಿಂತದ್ದರಿಂದ ಅವರು ಗೆಲ್ಲಬಲ್ಲವರಾದರು.

2008ರಲ್ಲಿ ಹಾಗೆ ನಿಂತವರಲ್ಲಿ ನಮ್ಮ ಎದುರು ಮನೆಯಾಕೆಯೂ ಒಬ್ಬರು. ಅದು ನನಗೆ ತಿಳಿದದ್ದು 2020ರ ಮಾರ್ಚ್ ಕೊನೆಯಲ್ಲಿ. ವಾರನ್ ಕಣದಿಂದ ಹಿಂದೆ ಸರಿದು ಮೂರು ವಾರ ಆಗಿತ್ತು, ಶಾಲೆಗಳು ಮುಚ್ಚಿದ್ದವು, ಅವರು ತಮ್ಮ ಅಂಗಳದಲ್ಲಿ, ನಾನು ನಮ್ಮ ಅಂಗಳದಲ್ಲಿ ನಿಂತು ಬೀದಿಯ ಆಚೀಚೆಯಿಂದ ದನಿ ಎತ್ತರಿಸಿ ಮಾತಾಡುತ್ತಿದ್ದೆವು. ಒಬಾಮ ಅವರ ಆ ರಾತ್ರಿಯ ವಿಷಯ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲ ನಾನು ವಾರನ್ ಪರ ನಿಲ್ಲಲೆಂದೇ ಮನೆಯಿಂದ ಹೊರಟಿದ್ದೆ ಎಂದರು. ಮತ್ತೇಕೆ ಬರಲಿಲ್ಲ ಎಂದು ಕೇಳಿದೆ.

ನೀವು ನಡು ಅಂಗಳದಲ್ಲಿ ನಿಂತಿದ್ದನ್ನು ನೋಡಿದೆ, ನಿಮ್ಮಂಥವರೇ ಅನುಮಾನಿಸುತ್ತಿದ್ದರೆ ಇನ್ನು ಊರಿನವರು ಬರುತ್ತಾರೆಯೇ ಎನ್ನಿಸಿತು ಎಂದರು ಅವರು.