ಬೀಡಿ ಕಟ್ಟುವ ಮನೆಯಲ್ಲಿ ಬೀಡಿ ಬಿಟ್ಟದ್ದು

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಮ್ಮ ನಲವತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದಾರೆ. ನನ್ನ ಶಾಲೆ, ತಂಗಿಯ ಮದುವೆ ಎಲ್ಲ ಆದದ್ದು ಅಮ್ಮ ಬೀಡಿ ಕಟ್ಟುವ ಆ ಗೆರಸೆಯಿಂದಲೇ (ಮೊರ). ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಂಪೆನಿಯ ಬ್ರಾಂಚಿನಲ್ಲಿ ಸರಿಯಿಲ್ಲ ಅಂತ ವಾಪಸು ಕೊಟ್ಟ ಬೀಡಿಗಳು ಮನೆಯಲ್ಲೇ ಉಳಿಯುತ್ತಿದ್ದವು. ಹದಿನೇಳನೇ ವಯಸ್ಸಿನಲ್ಲಿ ನಾನು ಮೊದಲು ಸೇದಿದ್ದು ಅದನ್ನೇ. ಆಮೇಲೆ 24 ವರ್ಷ ನಿಲ್ಲಿಸಲಿಲ್ಲ.

ನಾನು ರಿಕ್ಷಾ ಓಡಿಸುವವನು. ದಿನಕ್ಕೆ ಒಂದು ಕಟ್ಟು, ಅಂದರೆ 25 ಬೀಡಿ ಬೇಕಿತ್ತು. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಎಂದು ಕೇರಳ ಹೈಕೋರ್ಟು 1999ರಲ್ಲೇ ಹೇಳಿದೆ, ಹಾಗಾಗಿ ಅಂಗಡಿಗಳ ಹಿಂದೆ ಹೋಗಿ ಸೇದುತ್ತಿದ್ದೆವು. ಬೀಡಿ ಅಂದರೆ ಎಲೆ ಅಲ್ವಾ, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂದು ನಾವೆಲ್ಲ ನಂಬಿದ್ದೆವು. ಅದು ದೊಡ್ಡ ತಪ್ಪು. ಬೀಡಿ ಬೇಗ ಆರುತ್ತದೆ. ಆರದ ಹಾಗೆ ಮತ್ತೆ ಮತ್ತೆ ಜೋರಾಗಿ ಎಳೆಯುತ್ತೇವೆ. ಹೊಗೆ ಜಾಸ್ತಿಯೇ ಒಳಗೆ ಹೋಗುತ್ತದೆ.

ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ ಒಬ್ಬ ಅಜ್ಜಿಯ ಅಕ್ಕಿ ಚೀಲ ಹೊತ್ತು ಅವರ ಮನೆ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕೂತುಬಿಟ್ಟೆ. ಉಸಿರು ಸಿಗಲಿಲ್ಲ. ಮರುದಿನ ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಬೀಡಿ?" ಮುಖ ತೊಳೆಯುವ ಮೊದಲೇ ಅಂದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಚಟ ಗಟ್ಟಿಯಾಗಿ ಹಿಡಿದಿರುತ್ತದಂತೆ. ಬೀಡಿಯ ಆಸೆ ತಗ್ಗಿಸಲು ಅಗಿಯುವ 4 ಮಿಲಿಗ್ರಾಮಿನ ನಿಕೋಟಿನ್ ಗಮ್ ಬರೆದುಕೊಟ್ಟರು. ಆಟಿ ಮುಗಿದು ಸೋಣ ತಿಂಗಳು ಶುರುವಾಗುವ ಸಂಕ್ರಮಣದ ದಿನ ಬೀಡಿ ನಿಲ್ಲಿಸಿದೆ.

ಆ ಗಮ್ ಅಗಿಯುವ ಕ್ರಮ ಬೇರೆ. ಮೊದಲ ದಿನ ನಾನು ಎಲೆಯಡಿಕೆ ಜಗಿದ ಹಾಗೆ ಜಗಿದು ಗಂಟಲು ಉರಿ, ಬಿಕ್ಕಳಿಕೆ ಬಂತು. ನಿಧಾನವಾಗಿ ಅಗಿಯಬೇಕು. ನಾಲಗೆ ಚುರುಚುರು ಅಂದಾಗ ಕೆನ್ನೆಯ ಒಳಗೆ ಒತ್ತಿ ಇಡಬೇಕು. ಚುರುಚುರು ಹೋದ ಮೇಲೆ ಮತ್ತೆ ಎರಡು ಸಲ ಅಗಿಯುವುದು. ಗಮ್ ಬಾಯಿಗೆ ಹಾಕುವ ಮೊದಲು ಕಾಲು ಗಂಟೆ ಚಾ, ಕಾಫಿ, ಹುಳಿ ಪಾನೀಯ ಬೇಡ.

ಎರಡನೇ ದಿನ, ಮೂರನೇ ದಿನ ತುಂಬ ಕಷ್ಟ. ಸುಮ್ನೆ ಸಿಟ್ಟು. ಬಾಡಿಗೆ ಕೇಳಿದವರಿಗೇ ಗದರಿಸಿದ್ದೇನೆ. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಹೊಟ್ಟೆ ಸರಿಯಾಗುವುದಿಲ್ಲ, ಯಾವಾಗಲೂ ಹಸಿವು. ಎದೆ ಡವಡವ ಅನ್ನುತ್ತಿತ್ತು. ಹೃದಯದ್ದೇ ಕಾಯಿಲೆ ಎಂದು ಹೆದರಿದೆ. ಡಾಕ್ಟರು ಪರೀಕ್ಷೆ ಮಾಡಿ ನೋಡಿ, ದಿನಕ್ಕೆ ಎಷ್ಟು ಚಾ ಎಂದು ಕೇಳಿದರು. ಎಂಟು. ಹೊಗೆ ಸೇದುವವರ ಮೈಯಲ್ಲಿ ಚಾ, ಕಾಫಿಯ ಕೆಫೀನ್ ಬೇಗ ಕರಗುತ್ತದಂತೆ. ಸೇದುವುದು ನಿಂತರೆ ಅದೇ ಎಂಟು ಚಾ ಮೈಗೆ ಜಾಸ್ತಿಯಾಗುತ್ತದೆ. ಅರ್ಧ ಮಾಡಿದೆ. ಡವಡವ ನಿಂತಿತು, ನಿದ್ದೆಯೂ ಬಂತು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಇಷ್ಟು ಬರೆದೆ.

ಬೀಡಿಯ ಆಸೆ ಒಮ್ಮೆ ಬಂದರೆ ಐದು ನಿಮಿಷದ ಆಚೆಗೆ ಹೆಚ್ಚು ನಿಲ್ಲುವುದಿಲ್ಲ. ಗಡಿಯಾರ ನೋಡಿ ಕಂಡುಕೊಂಡೆ. ಆ ಐದು ನಿಮಿಷಕ್ಕೆ ಏನಾದರೂ ಕೆಲಸ ಬೇಕು. ನಾನು ರಿಕ್ಷಾದ ಗಾಜು ಒರೆಸುತ್ತಿದ್ದೆ, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಬಾಯಿಗೆ ಹಾಕುತ್ತಿದ್ದೆ. ಸ್ಟ್ಯಾಂಡಿನ ಗೆಳೆಯರು ಪ್ರೀತಿಯಿಂದ ಎಲೆಯಡಿಕೆ ಕೊಟ್ಟರು. ಬೇಡ ಅಂದೆ. ಅಡಿಕೆಯೇ ನಮ್ಮ ಊರಿನ ಬದುಕು, ಹೇಳಲು ಕಷ್ಟ. ಆದರೆ ಹೊಗೆಸೊಪ್ಪು ಹಾಕದ ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಯಾಕೆ?

ಹತ್ತೊಂಬತ್ತನೇ ದಿನ ಒಂದು ಸಾವಿನ ಮನೆಗೆ ಹೋಗಿದ್ದೆ. ಹಿತ್ತಿಲಲ್ಲಿ ಗಂಡಸರೆಲ್ಲ ಸೇದುತ್ತ ನಿಂತಿದ್ದರು. ನಾನೂ ಒಂದು ಸೇದಿದೆ. ಎಲ್ಲ ಹಾಳಾಯಿತು ಅನ್ನಿಸಿ ರಾತ್ರಿಯೆಲ್ಲ ಸಂಕಟ. ಮರುದಿನ, ಚಟ ಬಿಡಲು ಸಹಾಯ ಮಾಡುವವರ, ಬೀಡಿ ಕಟ್ಟಿನ ಮೇಲೆಯೇ ಇರುವ ನಂಬರಿಗೆ ಫೋನ್ ಮಾಡಿದೆ, 1800-11-2356. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಒಂದು ಸೇದಿದ್ದಕ್ಕೆ ಹದಿನೆಂಟು ದಿನ ಸುಳ್ಳಾಗುವುದಿಲ್ಲ, ಎರಡನೆಯದನ್ನು ಮುಟ್ಟಬೇಡಿ ಎಂದರು. ಮುಟ್ಟಲಿಲ್ಲ.

ಇನ್ನು ಅಮ್ಮನ ವಿಷಯ. ನಾನು ನಿಲ್ಲಿಸಿದ ಮೂರನೇ ದಿನ ನೋಡಿದರೆ ಜಗಲಿಯಲ್ಲಿ ಗೆರಸೆ ಇಲ್ಲ. ಎಲೆ, ಹೊಗೆಸೊಪ್ಪಿನ ಪುಡಿ, ನೂಲು ಎಲ್ಲ ಹೊತ್ತುಕೊಂಡು ಪಕ್ಕದ ಮನೆಯ ಜಗಲಿಗೆ ಹೋಗಿ ಕೂತಿದ್ದರು. ಯಾಕಮ್ಮಾ ಅಂದರೆ, "ಅಲ್ಲಿ ಗಾಳಿ ಲಾಯ್ಕ ಮಗಾ" ಅಂದರು. ಮಳೆಯಲ್ಲೂ ಕೊಡೆ ಹಿಡಿದು ಅಲ್ಲಿಗೇ ಹೋಗುತ್ತಿದ್ದರು.

ನವರಾತ್ರಿಯ ಹೊತ್ತಿಗೆ ನಾನೇ ಹೋಗಿ ಗೆರಸೆ ವಾಪಸು ತಂದೆ. ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಂತು. ಅಂಗಳಕ್ಕೆ ಇಳಿದು ಐದು ನಿಮಿಷ ನಿಂತೆ. ಆಮೇಲೆ ಬಂದು ಅಮ್ಮನ ಹತ್ತಿರ ಕೂತೆ.