ಹುಳಿ ಒಲ್ಲದವರಿಗೂ ಅಂಬಲಿ

ನಮ್ಮ ಅತ್ತೆಯವರಿಗೆ ಹುಳಿಯೇರಿದ ರಾಗಿ ಅಂಬಲಿ ಬಹಳ ಪ್ರಿಯ. ಮಗಳಿಗೆ ಅದರ ವಾಸನೆಯೇ ಆಗದು. ಹೊಟ್ಟೆಗೆ ಹಿತವೆಂಬ ಕಾರಣಕ್ಕೆ ಒಬ್ಬರ ರುಚಿಯನ್ನು ಇನ್ನೊಬ್ಬರ ಮೇಲೆ ಹೇರಿದರೆ ಆ ಅಡುಗೆ ಮನೆಯಲ್ಲಿ ನಾಲ್ಕು ದಿನವೂ ಉಳಿಯುವುದಿಲ್ಲವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ರಾತ್ರಿ ಅರ್ಧ ಲೋಟ ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ ಮುಚ್ಚಿಟ್ಟು, ಬೆಳಿಗ್ಗೆ ಗಂಟಾಗದಂತೆ ತಿರುವುತ್ತ ಕುದಿಸಿ, ಎರಡು ಪಾತ್ರೆಗಳಿಗೆ ಹಂಚುತ್ತೇನೆ. ಹಿಟ್ಟಿಗೆ ಹುಳಿ ಬರಿಸಿದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕುದಿಯುವಾಗ ಸಾಯುತ್ತವೆ. ಬಿಸಿಯಲ್ಲೇ ಮಜ್ಜಿಗೆ ಸುರಿದರೆ ಅದರಲ್ಲಿರುವ ಜೀವಾಣುಗಳಿಗೂ ಅದೇ ಗತಿಯಾಗುವುದರಿಂದ, ಅಂಬಲಿ ಪೂರ್ತಿ ಆರುವವರೆಗೆ ಕಾಯಲೇಬೇಕು. ಅತ್ತೆಯವರ ಪಾಲಿಗೆ ಹಿಂದಿನ ದಿನದ ಹುಳಿ ಮಜ್ಜಿಗೆ, ಸಣ್ಣಗೆ ಹೆಚ್ಚಿದ ಈರುಳ್ಳಿ ಮತ್ತು ಜಜ್ಜಿದ ಹಸಿಮೆಣಸಿನಕಾಯಿ ಬೆರೆಸುತ್ತೇನೆ. ಮಗಳ ಪಾಲಿಗೆ ಆಗತಾನೇ ಹೆಪ್ಪಾದ ಮೊಸರು, ಹುರಿದ ಜೀರಿಗೆಯ ಪುಡಿ ಮತ್ತು ತುರಿದ ಸೌತೆಕಾಯಿ. ಬೇಸಿಗೆಯಲ್ಲಿ ಹುಳಿ ಬೇಗ ಏರುವುದರಿಂದ ಅವಳಿಗೆಂದು ಸ್ವಲ್ಪ ಹಿಟ್ಟನ್ನು ಬೆಳಿಗ್ಗೆಯೇ ಕದಡಿ ಬೇರೆಯಾಗಿ ಕಾಯಿಸುವುದೂ ಉಂಟು.

ನನಗಂತೂ ದೊಡ್ಡಪತ್ರೆ ತಂಬುಳಿಯೇ ಹೆಚ್ಚು ಪ್ರಿಯ. ತುಪ್ಪದಲ್ಲಿ ಬಾಡಿಸಿದ ಎಲೆಯನ್ನು ತೆಂಗಿನ ತುರಿ ಮತ್ತು ಜೀರಿಗೆಯೊಂದಿಗೆ ರುಬ್ಬಿ, ತಣ್ಣನೆಯ ಮಜ್ಜಿಗೆಗೆ ಕಲಸಿ, ಕುದಿಸದೆ ಹಾಗೆಯೇ ಅನ್ನಕ್ಕೆ ಬಡಿಸಿಕೊಳ್ಳುತ್ತೇನೆ.